ಮೊದಲ ಬ್ರಾಂಕೋಸ್ಕೋಪಿಯಲ್ಲಿ ಸಿಗದ ಉತ್ತರ: ಶ್ವಾಸಕೋಶದ ಗಡ್ಡೆಯಿಂದ ಮಾದರಿ ತೆಗೆಯುವ ಬಗೆಗಳು

ಪ್ರಶ್ನೆ: ನನ್ನ ತಂದೆಯವರಿಗೆ 63 ವರ್ಷ. ಹುಡುಗರಾಗಿದ್ದಾಗಲೇ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದವರು. ಈಗ ನಾವು ಡೊಂಬಿವಲಿಯಲ್ಲಿದ್ದೇವೆ. ಬೀಡಿಯ ಅಭ್ಯಾಸ ಮೂವತ್ತು ವರ್ಷದ್ದು. ಕೆಮ್ಮು ಮತ್ತು ಕಫದಲ್ಲಿ ರಕ್ತ ಕಂಡಾಗ ಎಕ್ಸ್‌ರೇ ನೋಡಿ ಟಿಬಿ ಇರಬೇಕೆಂದು ಎ.ಕೆ.ಟಿ. (ಟಿಬಿ ಔಷಧಿ) ಶುರು ಮಾಡಿದರು. ಎರಡು ತಿಂಗಳಾದರೂ ಗುಣವಾಗಲಿಲ್ಲ. ಸಿ.ಟಿ.ಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ, ಮುಖ್ಯ ಶ್ವಾಸನಾಳದ ಪಕ್ಕಕ್ಕೆ 4 ಸೆಂ.ಮೀ. ಗಡ್ಡೆ ಇದೆ, ಎದೆಯ ನಡುವಿನ ದುಗ್ಧಗ್ರಂಥಿಗಳು ದೊಡ್ಡದಾಗಿವೆ ಎಂದು ಬಂತು. ಬ್ರಾಂಕೋಸ್ಕೋಪಿಯಲ್ಲಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ‘ನಾಳವು ಹೊರಗಿನಿಂದ ಒತ್ತಿದಂತಿದೆ, ಒಳಗೆ ಬೆಳವಣಿಗೆ ಕಾಣಲಿಲ್ಲ’ ಎಂದು ಬರೆದಿದ್ದಾರೆ. ವಾಶ್ ಮತ್ತು ಬ್ರಶ್ ವರದಿಯಲ್ಲಿ ‘ಅಸಹಜ ಜೀವಕೋಶಗಳು, ಕ್ಯಾನ್ಸರ್ ಶಂಕೆ’ ಎಂದಷ್ಟೇ ಇದೆ. ಈಗ ಒಬ್ಬ ವೈದ್ಯರು ಇಬಸ್ (ಶ್ವಾಸನಾಳದೊಳಗಿಂದ ಸೋನೋಗ್ರಫಿಯಲ್ಲಿ ನೋಡುತ್ತ ಸೂಜಿ ಹಾಕುವುದು) ಎನ್ನುತ್ತಾರೆ, ಇನ್ನೊಬ್ಬರು ಸಿ.ಟಿ. ನೋಡಿಕೊಂಡು ಹೊರಗಿನಿಂದ ಸೂಜಿ ಹಾಕೋಣ ಎನ್ನುತ್ತಾರೆ, ಮತ್ತೊಬ್ಬರು ಪೆಟ್ ಸ್ಕ್ಯಾನ್ (ರೋಗದ ಜಾಗ ಹೊಳೆದು ಕಾಣುವ, ಇಡೀ ದೇಹದ ಸ್ಕ್ಯಾನ್) ಮೊದಲು ಎನ್ನುತ್ತಾರೆ. ಯಾವುದು ಸರಿ? ಮೊದಲಿನ ಪರೀಕ್ಷೆ ದಂಡವಾಯಿತೇ? ಪದೇ ಪದೇ ಚುಚ್ಚಿದರೆ ರೋಗ ಹರಡುತ್ತದೆ ಎಂದು ಊರಿನವರು ಹೆದರಿಸುತ್ತಿದ್ದಾರೆ.

ಉತ್ತರ: ನೀವು ಬರೆದಿರುವ ವಿವರಗಳನ್ನು ಎರಡೆರಡು ಸಲ ಓದಿದೆ. ಸ್ಕ್ಯಾನಿನ ಚಿತ್ರಗಳನ್ನು ನೋಡದೆ, ತಂದೆಯವರನ್ನು ಪರೀಕ್ಷಿಸದೆ ಕೊನೆಯ ಮಾತು ಹೇಳಲಾಗದು; ಅದನ್ನು ಅವರನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು. ಆದರೆ ಇರುವಷ್ಟು ಮಾಹಿತಿಯ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮೊದಲು ಪೆಟ್ ಸ್ಕ್ಯಾನ್, ಅದರ ಬೆನ್ನಿಗೇ ಇಬಸ್. ಸಿ.ಟಿ. ಸೂಜಿಯನ್ನು ಸದ್ಯಕ್ಕೆ ಬದಿಗಿಡಬಹುದು. ಹೀಗೆ ಹೇಳುವುದಕ್ಕೆ ಕಾರಣವನ್ನು ನೀವು ತಿಳಿದುಕೊಂಡರೆ ಮೂವರು ವೈದ್ಯರ ಮಾತುಗಳು ಒಂದಕ್ಕೊಂದು ವಿರೋಧವಲ್ಲ ಎಂಬುದೂ ಕಾಣುತ್ತದೆ.

ಶ್ವಾಸಕೋಶದ ಗಡ್ಡೆಯಿಂದ ಮಾದರಿ ತೆಗೆಯುವಾಗ ನಾವು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿರುತ್ತೇವೆ. ಇದು ಕ್ಯಾನ್ಸರ್ ಹೌದೇ ಅಲ್ಲವೇ? ಹೌದಾದರೆ ಯಾವ ಜಾತಿಯದು, ಅದರ ವಂಶವಾಹಿಯಲ್ಲಿ ಔಷಧಿಗೆ ಬಗ್ಗುವಂಥ ಬದಲಾವಣೆ ಇದೆಯೇ? ರೋಗ ಎಲ್ಲಿಯವರೆಗೆ ಹೋಗಿದೆ? ಹಿಂದೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕೆನ್ನುವ ಕಾಲವಿತ್ತು, ಈಗ ಮೂರಕ್ಕೂ ಉತ್ತರವಿಲ್ಲದೆ ಕ್ಯಾನ್ಸರ್ ತಜ್ಞರು ಚಿಕಿತ್ಸೆ ಆರಂಭಿಸುವಂತಿಲ್ಲ. ಆದ್ದರಿಂದ ಯಾವ ಉಪಕರಣ ಹೆಚ್ಚು ಹೊಸದು, ಯಾವುದು ದುಬಾರಿ ಎಂದು ನೋಡುವುದಕ್ಕಿಂತ, ಗಡ್ಡೆ ಕುಳಿತಿರುವ ಜಾಗಕ್ಕೆ ಯಾವುದು ತಲುಪುತ್ತದೆ, ಒಂದೇ ಸಲಕ್ಕೆ ಮೂರೂ ಪ್ರಶ್ನೆಗಳಿಗೆ ಬೇಕಾದಷ್ಟು ಅಂಗಾಂಶವನ್ನು ಯಾವುದು ತರುತ್ತದೆ ಎಂದು ನೋಡಬೇಕು.

ತಂದೆಯವರಿಗೆ ಆಗಿರುವ ಪರೀಕ್ಷೆಯಿಂದಲೇ ಶುರು ಮಾಡುತ್ತೇನೆ. ಮುಂಬಯಿಯಲ್ಲಿ ನಮ್ಮ ರೋಗಿಗಳು ಮರಾಠಿಯ ಬಳಕೆಯಂತೆ ‘ದುರ್ಬೀಣು ಹಾಕಿದರು’ ಎನ್ನುವ ಈ ಬಾಗುವ ಬ್ರಾಂಕೋಸ್ಕೋಪನ್ನು ಜಪಾನಿನ ಶಿಗೆಟೊ ಇಕೆಡಾ ಅವರು 1960ರ ದಶಕದ ಉತ್ತರಾರ್ಧದಲ್ಲಿ ರೂಪಿಸಿದರು. ಅದಕ್ಕೂ ಮೊದಲು, ಜರ್ಮನಿಯ ಗುಸ್ತಾವ್ ಕಿಲಿಯಾನ್ 1897ರಲ್ಲಿ ನೆಟ್ಟಗಿನ ಲೋಹದ ಕೊಳವೆಯಿಂದ ರೈತನೊಬ್ಬನ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಮೂಳೆಯನ್ನು ತೆಗೆದಿದ್ದರು. ಬಾಗುವ ಕೊಳವೆಯೊಳಗೆ ಸಣ್ಣದೊಂದು ದಾರಿ ಇರುತ್ತದೆ. ಆ ದಾರಿಯಲ್ಲಿ ಉಪ್ಪುನೀರು ಬಿಟ್ಟು ವಾಪಸು ಎಳೆದರೆ ವಾಶ್, ಸಣ್ಣ ಕುಂಚ ಕಳಿಸಿ ನಾಳದ ಗೋಡೆಯನ್ನು ಉಜ್ಜಿದರೆ ಬ್ರಶ್, ಪುಟ್ಟ ಇಕ್ಕಳದಿಂದ ಚೂರು ಕಚ್ಚಿ ತಂದರೆ ಫೋರ್ಸೆಪ್ಸ್ ಬಯಾಪ್ಸಿ.

ಈ ಮೂರಕ್ಕೂ ಇರುವ ಸಾಮರ್ಥ್ಯ ಒಂದೇ ಅಲ್ಲ. ನಾಳದ ಒಳಗೆ ಗಡ್ಡೆ ಕಣ್ಣಿಗೆ ಕಾಣುವಂತಿದ್ದಾಗ ಇಕ್ಕಳದ ಬಯಾಪ್ಸಿ ಒಂದರಿಂದಲೇ ನೂರರಲ್ಲಿ ಸುಮಾರು 74 ಮಂದಿಗೆ ರೋಗನಿರ್ಣಯವಾಗುತ್ತದೆ, ಬ್ರಶ್‌ನಿಂದ ಸುಮಾರು 61 ಮಂದಿಗೆ, ವಾಶ್‌ನಿಂದ ಸುಮಾರು 47 ಮಂದಿಗೆ. ಮೂರನ್ನೂ ಒಟ್ಟಿಗೆ ಮಾಡಿದರೆ 88ರವರೆಗೆ ಹೋಗುತ್ತದೆ. ಇವು ಅಮೆರಿಕದ ಎದೆರೋಗ ವೈದ್ಯರ ಸಂಘವು 2013ರ ಮಾರ್ಗಸೂಚಿಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟ ಅಂಕಿಗಳು. ಗಡ್ಡೆ ಕಾಣುತ್ತಿದ್ದರೆ ಐದು ಚೂರುಗಳನ್ನಾದರೂ ತೆಗೆಯಬೇಕು; ಮೊದಲ ಚೂರಿನಲ್ಲಿ ಬರುವುದು ಅನೇಕ ಸಲ ಗಡ್ಡೆಯ ಮೇಲೆ ಕೊಳೆತು ನಿಂತ ಪದರ ಮಾತ್ರ. ಅದೇ ಜಾಗವನ್ನು ಮತ್ತೆ ಕಚ್ಚಿದಾಗಲೇ ಜೀವಂತ ಅಂಗಾಂಶ ಸಿಗುವುದು. ಕಣ್ಣೆದುರು ಗಡ್ಡೆ ಇದ್ದೂ ರಕ್ತಸ್ರಾವದ ಅಂಜಿಕೆಯಿಂದ ಬರೀ ವಾಶ್ ತೆಗೆದುಕೊಂಡು ಹೊರಬರುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಆದರೆ ನಿಮ್ಮ ತಂದೆಯವರ ವಿಷಯ ಬೇರೆ. ‘ನಾಳವು ಹೊರಗಿನಿಂದ ಒತ್ತಿದಂತಿದೆ’ ಎಂಬ ಆ ಒಂದು ವಾಕ್ಯವೇ ಎಲ್ಲವನ್ನೂ ಹೇಳುತ್ತಿದೆ. ಗಡ್ಡೆ ನಾಳದ ಗೋಡೆಯ ಆಚೆಗಿದೆ. ಗೋಡೆಯ ಈಚೆ ನೀರು ಬಿಟ್ಟರೆ, ಕುಂಚ ಉಜ್ಜಿದರೆ, ಗೋಡೆಯ ಮೇಲ್ಮೈ ದಾಟಿ ಬಂದ ನಾಲ್ಕಾರು ಜೀವಕೋಶಗಳಷ್ಟೇ ಸಿಕ್ಕಾವು. ಇಕ್ಕಳ ಹಾಕಿದ್ದರೂ ಅದು ಕಚ್ಚುತ್ತಿದ್ದುದು ಊದಿಕೊಂಡ ಒಳಪೊರೆಯನ್ನೇ. ಆದ್ದರಿಂದ ಮೊದಲ ಪರೀಕ್ಷೆ ದಂಡವಾಯಿತೆಂದು ನೊಂದುಕೊಳ್ಳಬೇಡಿ. ಗಡ್ಡೆ ಎಲ್ಲಿ ಕುಳಿತಿದೆ ಎಂಬುದನ್ನು ಅದು ತೋರಿಸಿಕೊಟ್ಟಿದೆ, ಶಂಕೆಯ ದಿಕ್ಕನ್ನೂ ಹೇಳಿದೆ. ಆ ಸ್ಲೈಡುಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದುಕೊಳ್ಳಿ. ಶ್ವಾಸಕೋಶದ ಮಾದರಿಗಳನ್ನು ದಿನವೂ ನೋಡುವ ಇನ್ನೊಬ್ಬ ಪೆಥಾಲಜಿಸ್ಟ್ ಅವನ್ನು ನೋಡುವುದರಿಂದ ಲಾಭವಿದೆ. ಆದರೆ ‘ಅಸಹಜ ಜೀವಕೋಶಗಳು’ ಎಂಬ ಮಾತಿನ ಮೇಲೆ ಯಾರೂ ಕೀಮೋ ಕೊಡಬಾರದು, ಕೊಡುವುದೂ ಇಲ್ಲ.

ಗೋಡೆಯ ಆಚೆಗೆ ಹೋಗಬೇಕಾದರೆ ಸೂಜಿಯೇ ಬೇಕು. ಬಾಗುವ ಬ್ರಾಂಕೋಸ್ಕೋಪಿನ ಮೂಲಕ ಗೋಡೆಗೆ ಸೂಜಿ ಚುಚ್ಚಿ ಗ್ರಂಥಿಯಿಂದ ಮಾದರಿ ಎಳೆಯುವ ವಿಧಾನ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೋ-ಪೆನ್ ವಾಂಗ್ ಅವರ ಕೆಲಸದಿಂದ ಬೆಳೆಯಿತು. ಅದರಲ್ಲಿದ್ದ ತೊಡಕೆಂದರೆ, ಸೂಜಿ ಗೋಡೆಯಾಚೆ ಎಲ್ಲಿ ಹೋಯಿತೆಂಬುದು ಕಾಣುತ್ತಿರಲಿಲ್ಲ. ಸಿ.ಟಿ. ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದಾಜಿನ ಮೇಲೆ ಚುಚ್ಚಬೇಕಿತ್ತು. ಕೈ ಪಳಗಿದವರಿಗೆ ಸಿಗುತ್ತಿತ್ತು, ಎಲ್ಲರಿಗೂ ಅಲ್ಲ. ಕೊಳವೆಯ ತುದಿಯಲ್ಲೇ ಸೋನೋಗ್ರಫಿಯ ಪುಟ್ಟ ಯಂತ್ರವನ್ನು ಕೂರಿಸಿ, ಸೂಜಿ ಒಳಹೋಗುವುದನ್ನು ಪರದೆಯ ಮೇಲೆ ನೋಡುತ್ತಲೇ ಚುಚ್ಚುವ ಇಬಸ್ ವಿಧಾನದ ಫಲಿತಾಂಶಗಳನ್ನು ಜಪಾನಿನ ಚಿಬಾ ವಿಶ್ವವಿದ್ಯಾಲಯದ ವೈದ್ಯರು 2004ರಲ್ಲಿ ಪ್ರಕಟಿಸಿದ ಮೇಲೆ ಆ ಕುರುಡುತನ ಹೋಯಿತು. ಎದೆಯ ನಡುವಿನ ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದರೆ ಇಬಸ್ ಸೂಜಿ ಅದನ್ನು ನೂರಕ್ಕೆ ಸುಮಾರು 89 ಸಲ ಹಿಡಿಯುತ್ತದೆ. ಮುಖ್ಯ ನಾಳಕ್ಕೆ ಅಂಟಿಕೊಂಡಂತಿರುವ ಗಡ್ಡೆಯನ್ನೂ ಇದೇ ಸೂಜಿಯಿಂದ ಮುಟ್ಟಬಹುದು. ನಿಮ್ಮ ತಂದೆಯವರ ಗಡ್ಡೆ ಅಂಥದ್ದೇ ಎಂದು ವರದಿ ಹೇಳುತ್ತಿದೆ.

ಇಬಸ್ ಹೇಗಿರುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಅದು ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ. ನಿದ್ದೆ ಬರುವ ಔಷಧಿ ಕೊಟ್ಟು, ಗಂಟಲು ಮರಗಟ್ಟಿಸಿ, ಬಾಯಿಯ ಮೂಲಕ ಕೊಳವೆ ಇಳಿಸುತ್ತಾರೆ. ಪರದೆಯ ಮೇಲೆ ಗ್ರಂಥಿ ಕಪ್ಪು ಹುಣಸೆಬೀಜದಂತೆ ಕಾಣುತ್ತದೆ, ಪಕ್ಕದಲ್ಲಿ ರಕ್ತನಾಳ ಬಣ್ಣಬಣ್ಣವಾಗಿ ಮಿಡಿಯುತ್ತಿರುತ್ತದೆ. ಆ ನಾಳವನ್ನು ತಪ್ಪಿಸಿ 21 ಅಥವಾ 22 ಗೇಜಿನ ಸೂಜಿಯನ್ನು ಗ್ರಂಥಿಯೊಳಕ್ಕೆ ತೂರಿಸಿ ಹತ್ತು ಹದಿನೈದು ಸಲ ಹಿಂದೆ ಮುಂದೆ ಆಡಿಸುತ್ತಾರೆ. ಸೂಜಿಯನ್ನು ಹೊರತೆಗೆದು ಒಳಗಿನ ತಂತಿಯಿಂದ ನೂಕಿದಾಗ ಗಾಜಿನ ಮೇಲೆ ಕೆಂಪು ಬಿಳಿ ಕಲಸಿದ, ಒದ್ದೆ ಶಾವಿಗೆಯ ಎಳೆಯಂಥದ್ದು ಬೀಳುತ್ತದೆ. ಆ ಎಳೆಯಲ್ಲಿ ಬಿಳಿ ಎಷ್ಟಿದೆ ಎಂಬುದನ್ನೇ ನಾವು ಮೊದಲು ನೋಡುವುದು; ಬರೀ ರಕ್ತವಾದರೆ ಜಾಗ ಬದಲಿಸುತ್ತೇವೆ. ಪೆಥಾಲಜಿ ವಿಭಾಗದವರು ಸೂಕ್ಷ್ಮದರ್ಶಕ ತಂದು ಅದೇ ಕೋಣೆಯಲ್ಲಿ ಕುಳಿತು, ಬಣ್ಣ ಹಾಕಿ, ‘ಸಾಕಷ್ಟು ಜೀವಕೋಶ ಬಂದಿವೆ’ ಎಂದು ಕೆಲವೇ ನಿಮಿಷಗಳಲ್ಲಿ ಹೇಳುವ ಏರ್ಪಾಡು ಕೆಲವು ಆಸ್ಪತ್ರೆಗಳಲ್ಲಿದೆ. ಅದಿಲ್ಲದ ಕಡೆ ಒಂದೊಂದು ಗ್ರಂಥಿಯನ್ನು ಕನಿಷ್ಠ ಮೂರು ಸಲ ಚುಚ್ಚುತ್ತಾರೆ, ವಂಶವಾಹಿ ಪರೀಕ್ಷೆಗೆ ಇನ್ನೂ ಒಂದೆರಡು ಸಲ.

ಇಬಸ್‌ನಲ್ಲಿ ಯಾವ ಗ್ರಂಥಿಯನ್ನು ಮೊದಲು ಚುಚ್ಚುತ್ತಾರೆ ಎಂಬುದಕ್ಕೂ ಲೆಕ್ಕವಿದೆ. ಗಡ್ಡೆ ಬಲಗಡೆ ಇರುವುದರಿಂದ ಎಡಬದಿಯ ಗ್ರಂಥಿಗಳಿಂದ ಆರಂಭಿಸಿ, ನಂತರ ಶ್ವಾಸನಾಳ ಕವಲೊಡೆಯುವಲ್ಲಿನ ಗ್ರಂಥಿ ಮತ್ತು ಬಲಬದಿಯ ನಡು ಎದೆಯ ಗ್ರಂಥಿ, ಆಮೇಲೆ ಶ್ವಾಸಕೋಶದ ಬುಡದ ಗ್ರಂಥಿ, ಎಲ್ಲದರ ಕೊನೆಗೆ ಗಡ್ಡೆ. ತಿರುಗಾಮುರುಗಾ ಮಾಡಿದರೆ ಗಡ್ಡೆಯ ಜೀವಕೋಶಗಳು ಸೂಜಿಗೆ ಅಂಟಿ ದೂರದ ಗ್ರಂಥಿಯ ಮಾದರಿಯಲ್ಲಿ ಸೇರಿಕೊಂಡು, ಇಲ್ಲದ ಕಡೆ ರೋಗ ಇದೆ ಎಂಬ ವರದಿ ಬರಬಹುದು. ಅದೇಕೆ ಅಷ್ಟು ಮುಖ್ಯವೆಂದರೆ, ಬುಡದ ಗ್ರಂಥಿಯಲ್ಲಿ ಮಾತ್ರ ರೋಗವಿದ್ದರೆ ಶಸ್ತ್ರಚಿಕಿತ್ಸೆಗೆ ದಾರಿಯಿದೆ. ಎದುರು ಬದಿಗೆ ಹೋಗಿದ್ದರೆ ಆ ದಾರಿ ಮುಚ್ಚುತ್ತದೆ.

ಪೆಟ್ ಸ್ಕ್ಯಾನಿನ ಮಾತು ಬರುವುದು ಇಲ್ಲಿಯೇ. ದೇಹದಲ್ಲಿ ಬೇರೆಲ್ಲಾದರೂ ರೋಗವಿದೆಯೇ, ಯಾವ ಗ್ರಂಥಿ ಅನುಮಾನಾಸ್ಪದವಾಗಿದೆ ಎಂದು ಪೆಟ್ ತೋರಿಸುತ್ತದೆ, ಸೂಜಿಗೆ ದಾರಿ ಹೇಳುತ್ತದೆ. ಲಿವರಿನಲ್ಲೋ ಬೇರೆ ಸುಲಭವಾದ ಜಾಗದಲ್ಲೋ ರೋಗ ಕಂಡರೆ ಅಲ್ಲಿಂದಲೇ ಚೂರು ತೆಗೆದು ರೋಗದ ಹೆಸರನ್ನೂ ಹಂತವನ್ನೂ ಒಂದೇ ಏಟಿಗೆ ತಿಳಿಯಬಹುದು. ಆದರೆ ಪೆಟ್‌ನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರಲ್ಲ. ಟಿಬಿಯ ಗ್ರಂಥಿಯೂ ಹೊಳೆಯುತ್ತದೆ, ಹಳೆಯ ಉರಿಯೂತವೂ ಹೊಳೆಯುತ್ತದೆ. ಮುಂಬಯಿಯಂಥ, ಟಿಬಿ ಮನೆಮನೆಗೂ ಗೊತ್ತಿರುವ ಊರಿನಲ್ಲಿ ಈ ಎಚ್ಚರ ಎಷ್ಟಿದ್ದರೂ ಕಡಿಮೆಯೇ. ಎದುರು ಬದಿಯ ಗ್ರಂಥಿ ಹೊಳೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಆಪರೇಷನ್ ಸಾಧ್ಯವಿಲ್ಲ ಎಂದು ಹೇಳಿಸಿಕೊಂಡು ಬಂದ ಮಾಟುಂಗಾದ ಹಿರಿಯರೊಬ್ಬರನ್ನು ನಾನು ನೋಡಿದ್ದೇನೆ. ಅವರ ಆ ಗ್ರಂಥಿಯಲ್ಲಿ ಇಬಸ್ ಸೂಜಿಗೆ ಸಿಕ್ಕಿದ್ದು ಟಿಬಿಯ ಗಂಟು, ಕ್ಯಾನ್ಸರ್ ಅಲ್ಲ. ಅವರಿಗೆ ಮುಂದೆ ಶಸ್ತ್ರಚಿಕಿತ್ಸೆಯಾಯಿತು. ಚಿತ್ರದ ಮೇಲೆ ಹಂತ ನಿರ್ಧರಿಸಲು ಯಾರಾದರೂ ಮುಂದಾದರೆ, ‘ಆ ಗ್ರಂಥಿಯಿಂದ ಮಾದರಿ ತೆಗೆದಿದ್ದೀರಾ’ ಎಂದು ವಿನಯದಿಂದಲೇ, ಆದರೆ ಗಟ್ಟಿಯಾಗಿ ಕೇಳಿ.

ಇಷ್ಟೆಲ್ಲ ಯಂತ್ರಗಳ ಮಾತಿನ ನಡುವೆ ಒಂದು ಸಣ್ಣ ವಿಷಯ ಕೇಳುತ್ತೇನೆ: ತಂದೆಯವರ ಕುತ್ತಿಗೆಯ ಬುಡವನ್ನು, ಕೊರಳೆಲುಬಿನ ಮೇಲಿನ ಗುಳಿಯನ್ನು, ಯಾರಾದರೂ ಬೆರಳಿಟ್ಟು ನೋಡಿದ್ದಾರೆಯೇ? ಅಲ್ಲೊಂದು ಗಟ್ಟಿ ಗ್ರಂಥಿ ಸಿಕ್ಕಿದರೆ ಹೊರರೋಗಿ ವಿಭಾಗದಲ್ಲೇ ಸಣ್ಣ ಸೂಜಿಯಿಂದ ಉತ್ತರ ಸಿಗಬಹುದು. ಎದೆಯಲ್ಲಿ ನೀರು ತುಂಬಿದ್ದರೆ ಆ ನೀರಿನ ಪರೀಕ್ಷೆಯೂ ಹಾಗೆಯೇ.

ಈಗ ಸಿ.ಟಿ. ಸೂಜಿ. ಇದು ಒಳ್ಳೆಯ ವಿಧಾನ. ಎದೆಯ ಗೋಡೆಗೆ ಹತ್ತಿರವಿರುವ, ಶ್ವಾಸಕೋಶದ ಅಂಚಿನ ಗಡ್ಡೆಗಳಲ್ಲಿ ನೂರಕ್ಕೆ 90ರ ಹತ್ತಿರ ಉತ್ತರ ಕೊಡುತ್ತದೆ. ಅಂಥ ಗಡ್ಡೆಗಳಿಗೆ ಸಾಧಾರಣ ಬ್ರಾಂಕೋಸ್ಕೋಪಿ ಅಷ್ಟಕ್ಕಷ್ಟೆ, 2 ಸೆಂ.ಮೀ.ಗಿಂತ ದೊಡ್ಡದಾದರೆ ನೂರಕ್ಕೆ 63, ಚಿಕ್ಕದಾದರೆ 34ರಷ್ಟು ಮಾತ್ರ. ಈ ಕೊರತೆಯನ್ನು ತುಂಬಲು ತೆಳುವಾದ ತಿರುಗುವ ಸೋನೋಗ್ರಫಿ ತಂತಿಯನ್ನು ಸಣ್ಣ ನಾಳಗಳಿಗೆ ಕಳಿಸುವ ರೇಡಿಯಲ್ ಇಬಸ್, ಸಿ.ಟಿ.ಯನ್ನೇ ನಕ್ಷೆಯಾಗಿಟ್ಟುಕೊಂಡು ದಾರಿ ತೋರಿಸುವ ನ್ಯಾವಿಗೇಶನ್, ರೋಬೊಟ್ ನಡೆಸುವ ಕೊಳವೆಗಳು ಬಂದಿವೆ. ಅಮೆರಿಕದಲ್ಲಿ ಸಣ್ಣ ಗಡ್ಡೆಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ವೆರಿಟಾಸ್ ಅಧ್ಯಯನದಲ್ಲಿ ನ್ಯಾವಿಗೇಶನ್ ಬ್ರಾಂಕೋಸ್ಕೋಪಿ 79 ಪ್ರತಿಶತ, ಹೊರಗಿನ ಸೂಜಿ 73.6 ಪ್ರತಿಶತ ಸರಿಯಾದ ಉತ್ತರ ಕೊಟ್ಟವು. ಶ್ವಾಸಕೋಶದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಳ್ಳುವ ತೊಂದರೆ ಮೊದಲನೆಯದರಲ್ಲಿ 3.3 ಪ್ರತಿಶತ, ಎರಡನೆಯದರಲ್ಲಿ 28.3 ಪ್ರತಿಶತ. ಮೂವತ್ತು ವರ್ಷ ಬೀಡಿ ಸೇದಿದ ಶ್ವಾಸಕೋಶ ಹಳೆಯ ಬಟ್ಟೆಯಂತೆ ಜಾಳಾಗಿರುವ ಸಾಧ್ಯತೆ ಹೆಚ್ಚು. ಗಾಳಿ ಸೋರಿದರೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಅಲ್ಲದೆ ತಂದೆಯವರ ಗಡ್ಡೆ ದೊಡ್ಡ ರಕ್ತನಾಳಗಳ ನೆರೆಯಲ್ಲಿದೆ, ಹೊರಗಿನಿಂದ ದೂರ. ಸೂಜಿ ಗಡ್ಡೆಗೆ ತಲುಪಿದರೂ ಗ್ರಂಥಿಗಳ ಪ್ರಶ್ನೆ ಹಾಗೆಯೇ ಉಳಿದು, ಮತ್ತೆ ಇಬಸ್ಸಿಗೇ ಬರಬೇಕಾಗುತ್ತದೆ. ಆದ್ದರಿಂದಲೇ ಅದನ್ನು ಬದಿಗಿಡಿ ಎಂದೆ.

ಕ್ರಯೋ ಬಯಾಪ್ಸಿ ಎಂಬ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಅತಿ ತಣ್ಣಗಿನ ತುದಿಗೆ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕಿತ್ತು ತರುವ ಈ ವಿಧಾನದಲ್ಲಿ ಚೂರು ದೊಡ್ಡದು, ಇಕ್ಕಳದಿಂದ ಆಗುವಂತೆ ಜೀವಕೋಶಗಳು ಜಜ್ಜಿಹೋಗುವುದಿಲ್ಲ. ನಾಳದೊಳಗೆ ಕಾಣುವ ಗಡ್ಡೆಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಕ್ಕಳಕ್ಕೆ 85.1 ಪ್ರತಿಶತವಿದ್ದರೆ ಕ್ರಯೋಗೆ 95 ಪ್ರತಿಶತ ಯಶಸ್ಸು ಸಿಕ್ಕಿತ್ತು. ರಕ್ತಸ್ರಾವದ ಸಂಭವ ಸ್ವಲ್ಪ ಹೆಚ್ಚು. ತಂದೆಯವರಿಗೆ ಒಳಗೆ ಬೆಳವಣಿಗೆಯೇ ಇಲ್ಲದಿರುವುದರಿಂದ ಸದ್ಯಕ್ಕೆ ಅದರ ಅಗತ್ಯ ಕಾಣುವುದಿಲ್ಲ.

ಚುಚ್ಚಿ ತಂದ ಮಾದರಿಯನ್ನು ಹೇಗೆ ಹಂಚುತ್ತಾರೆ ಎಂಬುದು ಚುಚ್ಚುವಷ್ಟೇ ಮುಖ್ಯ, ಮತ್ತು ಹೆಚ್ಚಿನ ಎಡವಟ್ಟುಗಳು ಆಗುವುದೂ ಅಲ್ಲಿಯೇ. ಗಾಜಿನ ಮೇಲೆ ಬಳಿದದ್ದರಿಂದ ಕ್ಯಾನ್ಸರ್ ಇದೆ ಎಂದು ಹೇಳಬಹುದು. ಆದರೆ ಜಾತಿ ಗುರುತಿಸಲು, ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಮುಂತಾದ ವಂಶವಾಹಿಗಳ ಬದಲಾವಣೆಗಳನ್ನು ಹುಡುಕಲು, ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ನಿನಲ್ಲಿ ಹಾಕಿ ಮೇಣದಲ್ಲಿ ಕೂರಿಸಿದ ಬ್ಲಾಕ್ ಇದ್ದರೆ ಅನುಕೂಲ. ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿ) ಹೊಂದುತ್ತದೆಯೇ ಎಂದು ನೋಡುವ ಪಿಡಿ-ಎಲ್1 ಪರೀಕ್ಷೆಗೆ ಕನಿಷ್ಠ ನೂರು ಜೀವಂತ ಕ್ಯಾನ್ಸರ್ ಕೋಶಗಳಾದರೂ ಬೇಕು. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮಾ ಎಂಬ ಜಾತಿಯ ರೋಗಿಗಳಲ್ಲಿ ಸರಿಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಜಿಎಫ್‌ಆರ್ ಬದಲಾವಣೆ ಕಾಣುತ್ತದೆ, ಅಂಥವರಿಗೆ ಮಾತ್ರೆಯ ಚಿಕಿತ್ಸೆ ಇದೆ. ಬೀಡಿ ಸೇದುವವರಲ್ಲಿ ಅದು ಕಡಿಮೆ, ಆದರೆ ಇಲ್ಲವೆಂದಲ್ಲ, ಪರೀಕ್ಷೆ ಬಿಡಬಾರದು. ಮಾದರಿ ಸಾಲದೆ ಹೋದರೆ ರಕ್ತದಿಂದಲೂ ನೋಡಬಹುದು, ಆದರೆ ರಕ್ತದಲ್ಲಿ ಸಿಗಲಿಲ್ಲವೆಂದರೆ ಗಡ್ಡೆಯಲ್ಲೂ ಇಲ್ಲವೆಂದು ಅರ್ಥವಲ್ಲ.

ಇನ್ನೊಂದು ಬಾಟಲಿಯನ್ನು ನೀವೇ ಜ್ಞಾಪಿಸಬೇಕು. ಸೂಜಿಯ ಒಂದು ಪಾಲನ್ನು ಫಾರ್ಮಲಿನ್ ಮುಟ್ಟಿಸದೆ, ಬರೀ ಸಲೈನಿನಲ್ಲಿ, ಟಿಬಿ ಕ್ರಿಮಿಯ ವಂಶವಾಹಿ ಹುಡುಕುವ ಸಿಬಿನಾಟ್ ಮತ್ತು ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರಿಗೆ ಕಳಿಸಬೇಕು. ಫಾರ್ಮಲಿನ್ನಿಗೆ ಬಿದ್ದ ಮೇಲೆ ಕ್ರಿಮಿ ಬೆಳೆಯುವುದಿಲ್ಲ. ಟಿಬಿ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕಿತ್ತೇ ಎಂದು ಹಳೆಯ ಕಾಗದ ನೋಡಿ ವೈದ್ಯರು ತೀರ್ಮಾನಿಸಲಿ. ಎರಡೂ ರೋಗಗಳು ಒಬ್ಬರಲ್ಲೇ ಇರುವುದುಂಟು. ಟಿಬಿ ಇದೆಯೋ ಇಲ್ಲವೋ ಎಂಬುದು ಇತ್ಯರ್ಥವಾಗಲೇಬೇಕು, ಏಕೆಂದರೆ ಟಿಬಿಯ ರಿಫಾಂಪಿಸಿನ್ ಮಾತ್ರೆಯು ಇಜಿಎಫ್‌ಆರ್ ಬದಲಾವಣೆಗೆ ಕೊಡುವ ಹಲವು ಮಾತ್ರೆಗಳ ಬಲವನ್ನು ರಕ್ತದಲ್ಲಿ ತಗ್ಗಿಸುತ್ತದೆ.

ಚುಚ್ಚಿದರೆ ಹರಡುತ್ತದೆ ಎಂಬ ಮಾತಿಗೆ ಬರುತ್ತೇನೆ. ಊರಿನವರು ಅಕ್ಕರೆಯಿಂದಲೇ ಹೇಳುತ್ತಿದ್ದಾರೆ, ಅವರ ಮೇಲೆ ಬೇಸರ ಬೇಡ. ಬಯಾಪ್ಸಿ ಆದ ಕೆಲವು ತಿಂಗಳಿಗೆ ರೋಗ ಉಲ್ಬಣಿಸಿದ್ದನ್ನು ಕಂಡವರು ಸೂಜಿಯನ್ನು ದೂರುವುದು ಸಹಜ. ನಿಜಕ್ಕೂ ಬಹುಪಾಲು ಜನ ಬಯಾಪ್ಸಿಗೆ ಬರುವ ಹೊತ್ತಿಗೇ ರೋಗ ಮುಂದುವರಿದಿರುತ್ತದೆ. ಹೊರಗಿನಿಂದ ಹಾಕಿದ ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಇಬಸ್‌ನಲ್ಲಿ ಎಲ್ಲ ಬಗೆಯ ತೊಡಕುಗಳೂ ಸೇರಿ ನೂರಕ್ಕೆ ಒಂದೆರಡು, ಅವುಗಳಲ್ಲಿಯೂ ಹೆಚ್ಚಿನವು ಸಣ್ಣವು. ತಡ ಮಾಡುವುದರಿಂದ ಆಗುವ ನಷ್ಟ ಇದಕ್ಕಿಂತ ದೊಡ್ಡದು, ಎರಡು ತಿಂಗಳು ಆಗಲೇ ಹೋಗಿವೆ.

ಇಬಸ್‌ನಲ್ಲೂ ಕ್ಯಾನ್ಸರ್ ಸಿಗದಿದ್ದರೆ? ಇಷ್ಟು ಶಂಕೆ ಇರುವಾಗ ‘ಸಿಗಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಬಾರದು. ವರದಿಯಲ್ಲಿ ಗ್ರಂಥಿಯ ಜೀವಕೋಶಗಳು ಬಂದಿವೆ ಎಂದಿದೆಯೇ, ಬರೀ ರಕ್ತ ಎಂದಿದೆಯೇ ಎಂದು ನೋಡಬೇಕು. ಬರೀ ರಕ್ತವಾಗಿದ್ದರೆ ಅದು ಉತ್ತರವೇ ಅಲ್ಲ. ಮತ್ತೆ ಮಾಡಬೇಕು, ಇಲ್ಲವೇ ಕುತ್ತಿಗೆಯ ಬಳಿ ಸಣ್ಣ ಗಾಯ ಮಾಡಿ ಗ್ರಂಥಿ ತೆಗೆಯುವ ಮೀಡಿಯಾಸ್ಟಿನೋಸ್ಕೋಪಿಗೆ ಹೋಗಬೇಕು.

ಹೋಗುವ ಮೊದಲು ತಂದೆಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ತಿಳಿಸಿ. ಕ್ಲೊಪಿಡೊಗ್ರೆಲ್ ಅನ್ನು ಹೃದಯದ ವೈದ್ಯರನ್ನು ಕೇಳಿ ಐದರಿಂದ ಏಳು ದಿನ ಮುಂಚೆ ನಿಲ್ಲಿಸುತ್ತಾರೆ, ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಪರೀಕ್ಷೆಗೆ ಮುಂಚಿನ ಆರು ಗಂಟೆಗಳ ಕಾಲ ಊಟ ಇರಬಾರದು. ಹಣದ ತೊಂದರೆ ಇದ್ದರೆ ಆಸ್ಪತ್ರೆಯಲ್ಲಿ ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಆರೋಗ್ಯಮಿತ್ರರು (ಸಹಾಯಕರು) ಕೂರುವ ಮೇಜಿನಲ್ಲಿ ಪಡಿತರ ಚೀಟಿ ತೋರಿಸಿ ವಿಚಾರಿಸಿ. ವರದಿ ಬಂದ ಮೇಲೆ ಕಾಗದ ಮಾತ್ರವಲ್ಲ, ಸ್ಲೈಡು ಮತ್ತು ಬ್ಲಾಕುಗಳನ್ನೂ ಕೇಳಿ ಇಸಿದುಕೊಳ್ಳಿ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಲಿ, ಬೇರೆಲ್ಲಿಗೇ ಹೋಗಲಿ, ಅವರು ಮೊದಲು ಕೇಳುವುದು ಅದನ್ನೇ.

ಪರೀಕ್ಷೆ ಮುಗಿದ ಮೇಲೆ ಗಂಟಲಿನ ಮರಗಟ್ಟುವಿಕೆ ಇಳಿಯುವವರೆಗೆ, ಸುಮಾರು ಎರಡು ಗಂಟೆ, ನೀರನ್ನೂ ಕೊಡಬೇಡಿ. ಆಮೇಲೆ ಒಂದು ಗುಟುಕು ನೀರು ಕೊಟ್ಟು, ಕೆಮ್ಮಿಲ್ಲದೆ ಇಳಿದರೆ ತೆಳು ಗಂಜಿ ಕೊಡಬಹುದು. ಆ ದಿನ ಕಫದಲ್ಲಿ ಸ್ವಲ್ಪ ರಕ್ತದ ಎಳೆ ಕಂಡರೆ, ಸಣ್ಣ ಜ್ವರ ಬಂದರೆ ಗಾಬರಿ ಬೇಡ. ಒಂದು ಚಮಚಕ್ಕಿಂತ ಹೆಚ್ಚು ರಕ್ತ ಬಂದರೆ, ಎದೆ ನೋವು ಅಥವಾ ಉಸಿರು ಕಟ್ಟುವುದು ಶುರುವಾದರೆ, ರಾತ್ರಿಯಾಗಿದ್ದರೂ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.